ಎಡಗಾಲಿನ ಲೆಕ್ಕ

ಹೋದ ಐತವಾರ ಮ್ಯಾಲಿನ ಮನಿ ವೈನಿ ಚಾ ಕುಡಿಲಿಕ್ಕ ಬಂದಿದ್ರು. ಪಡಸಾಲ್ಯಾಗ ಸಣ್ಣಾಕಿ ಸೈಕಲ್ ನಿಂತಿತ್ತು, ಎರಡೂ ಪೆಡಲಿಗೆ ವೈರ್ ಹಚ್ಚಿತ್ತು. "ಇದೇನ್ರಿ, ಬ್ಯಾಟರಿ ಸೈಕಲ್ ತಗೊಂಡ್ರೇನು? ಮತ್ತ ಈಕಿ ತುಳಿಯೋದೇನದ?" ಅಂದ್ರು. ಬ್ಯಾಟರಿ ಸೈಕಲ್ ಅಲ್ಲ್ರಿ, ಪೆಡಲ್ ಅಷ್ಟ ಚಾರ್ಜ್ ಆಗ್ತಾವ, ಅವು ಅಕಿ ಎಷ್ಟು ಜೋರು ತುಳಿತಾಳಂತ ತೋರಸ್ತಾವ ಅಂದೆ. ರೊಕ್ಕ ಎಷ್ಟು ಅಂತ ಕೇಳಿದ್ರು. ಸುಳ್ಳು ಹೇಳ್ಬೇಕು ಅಂತ ಬಾಯಿತನಾ ಬಂದಿತ್ತು, ಆದ್ರ ಖರೇನ ಹೇಳಿದೆ. ಮೂವತ್ತೆಂಟು ಸಾವಿರ. ಅದೂ ಹಳೇವು. ವೈನಿ ಕಪ್ಪು ಕೆಳಗಿಟ್ರು.

ಆವತ್ತಿಂದ ಓಣ್ಯಾಗ ಇದ ಸುದ್ದಿ. ಅದಕ್ಕ ಎಲ್ಲಾರಿಗೂ ಒಂದ ಸಲ ಬರದು ಬಿಡ್ತೀನಿ.

ನಮ್ಮ ವಿಜಯಪುರದಾಗ ಸೈಕಲ್ ಹುಚ್ಚು ಹೊಸಾದೇನಲ್ಲ. ಈ ಕಡೆ, ಆ ಕಡೆ ಬಾಗಲಕೋಟಿ ಜಿಲ್ಲಾದಾಗ ಜಾತ್ರಿಗೆ ಸೈಕಲ್ ರೇಸ್ ಇಡ್ತಾರ, ಹಳ್ಳಿ ಹುಡುಗರು ನ್ಯಾಷನಲ್ ತನಾ ಹೋಗಿ ಬರ್ತಾರ. ನಮ್ಮ ಸಣ್ಣಾಕಿನೂ ಎಂಟನೇತ್ತಾ ಇದ್ದಾಗಿಂದ ಹತ್ಯಾಳ. ಎರಡು ವರ್ಷದ ಹಿಂದ ಸೊಲ್ಲಾಪುರ ರೋಡಿನ್ಯಾಗ ಕಬ್ಬಿನ ಟ್ರ್ಯಾಕ್ಟರ್ ತಪ್ಪಸಲಿಕ್ಕ ಹೋಗಿ ಬಿದ್ದು ಎಡಗಾಲ ಎಲುಬು ಮುರದಿದ್ದು ನಿಮಗೆಲ್ಲಾ ಗೊತ್ತ ಅದ. ಕಾಲಾಗ ಪ್ಲೇಟ್ ಹಾಕ್ಯಾರ. ಹೊಳ್ಳಿ ಸೈಕಲ್ ಹತ್ತಬ್ಯಾಡ ಅಂತ ಅಂದಾಕಿ ನಾನ. ಅಕಿ ಕೇಳಲಿಲ್ಲ.

ಈ ಸಲ ಕೋಚ್ ಸರ್, "ಅಕ್ಕಾರ, ಆದ್ರ ಒಂದು ಪವರ್ ಮೀಟರ್ ನೋಡ್ರಿ" ಅಂದ್ರು. ನನಗ ಕರೆಂಟ್ ಮೀಟರ್ ಅಷ್ಟ ಗೊತ್ತು. ಅದು ಯೂನಿಟ್ ಲೆಕ್ಕ ಹಿಡೀತದ, ಇದು ವ್ಯಾಟ್ ತೋರಸ್ತದ ಅಂತ ಆಮ್ಯಾಲ ತಿಳೀತು. ಪೆಡಲಿನ ಮ್ಯಾಲ ಎಷ್ಟು ಜೋರು ಬಿತ್ತು, ಕಾಲು ಎಷ್ಟು ಲಗೂನ ತಿರುಗ್ತು, ಎರಡನ್ನೂ ಗುಣಿಸಿದ್ರ ವ್ಯಾಟ್. ತುಳಿದಾಗ ಕಬ್ಬಿಣ, ಅಲ್ಯೂಮಿನಿಯಂ ಯಾವುದರ ಇರಲಿ, ಕಣ್ಣಿಗೆ ಕಾಣದಷ್ಟು ಬಗ್ತದ. ಅದರ ಮ್ಯಾಲ ಅಂಟಿಸಿದ ಸಣ್ಣ ಎಳಿ ಅಂಥಾ ತಂತಿನೂ ಜೊತೀಗೆ ಹಿಗ್ತದ. ಹಿಗ್ಗಿದಾಗ ಕರೆಂಟ್ ಹರಿಯೋದು ತುಸು ಬದಲಾಗ್ತದ. ಅದನ್ನ ಅಳೆಯೋದು. 1986ರ ಸುಮಾರಿಗೆ ಜರ್ಮನಿಯ ಉಲ್ರಿಚ್ ಶೋಬೆರರ್ ಅನ್ನೋ ಎಂಜಿನಿಯರ್ ಇದನ್ನ ಸೈಕಲ್ಲಿಗೆ ಕೂಡಿಸಿದ್ರಂತ. ಆವಾಗ ದೊಡ್ಡ ದೊಡ್ಡ ರೇಸಿನವರಿಗಷ್ಟ ಸಿಗ್ತಿತ್ತು.

ಇದು ಯಾಕ ಬೇಕು ಅಂತ ನಾನೂ ಜಗಳಾ ತಗದಿದ್ದೆ. ವೇಗ ನೋಡಿದ್ರ ಸಾಲದೇನು? ಸಾಲೂದಿಲ್ಲ. ನಮ್ಮ ಕಡೆ ಗಾಳಿ ನಿಮಗ ಗೊತ್ತಲ್ಲ, ಆಷಾಢದಾಗ ಒಣಗ ಹಾಕಿದ ಸೀರಿ ಪಕ್ಕದ ಮನಿ ಸೇರ್ತಾವ. ಎದುರು ಗಾಳ್ಯಾಗ ಜೀವ ಹೋಗೋ ಹಂಗ ತುಳಿದ್ರೂ 25 ಕಿಲೋಮೀಟರ್ ದಾಟಂಗಿಲ್ಲ, ಹೊಳ್ಳಿ ಬರೋವಾಗ ಆರಾಮ ಕುಂತ್ರೂ 38. ಎದಿ ಬಡಿತ ನೋಡಿದ್ರ? ಅಕಿ ಕಡೆ ಎದಿಗೆ ಕಟ್ಟೋ ಪಟ್ಟಿ ಇತ್ತು. ಆದ್ರ ಮೇ ತಿಂಗಳ ಬಿಸಲಾಗ, ಇಲ್ಲಾ ರಾತ್ರಿ ನಿದ್ದಿ ಆಗದ ದಿನ, ಮುಟ್ಟಿನ ದಿನ, ಅದ ಕೆಲಸಕ್ಕ ಬಡಿತ ಬ್ಯಾರೆನ ಬರ್ತದ. ಮತ್ತ ಅದು ತಡಾ ಮಾಡಿ ಏರ್ತದ. ಜೋರು ತುಳಿದು ಬಿಟ್ಟ ಮ್ಯಾಲ ಎದಿ ಹೇಳ್ತದ, "ಜೋರಾತು" ಅಂತ. ವ್ಯಾಟ್ ಹಂಗಲ್ಲ, ತುಳಿದ ಕ್ಷಣಕ್ಕ ಗಾಳಿ, ಬಿಸಲು, ಏರು ಏನೂ ಕೇಳಲಾರದ ಹೇಳ್ತದ. ಅಕಿ ಆಡೋದು ಟೈಮ್ ಟ್ರಯಲ್, ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಬಿಡ್ತಾರ, ಗಡಿಯಾರದ ಜೋಡಿನ ಓಟ. ಹುರುಪಿನ್ಯಾಗ ಮೊದಲ ಐದು ನಿಮಿಷ ಹಾರಿ ಬಿಟ್ಟು ಕಡೀಕ ಸೋತು ಬರೋದು ಅಕಿ ಹಳೇ ಚಾಳಿ.

ಸರಿ, ಕೊಳ್ಳೋದು ಅಂತಾತು. ನನ್ನ ರೊಟ್ಟಿ ರೊಕ್ಕದಾಗ ಉಳಿಸಿದ್ದು, ಭೀಸಿ ಎತ್ತಿದ್ದು, ಎಲ್ಲಾ ಕೂಡಿ ಮೂವತ್ತು ಸಾವಿರ. ಅಪ್ಪ ಮಗಳು ಮೊಬೈಲ್ ಹಿಡಕೊಂಡು ಕುಂತ್ರ ಊಟದ ಪರಿವಿಲ್ಲ.

ಎಲ್ಲಕ್ಕಿಂತಾ ಸೋವಿ ಅಂದ್ರ ಎಡಗಡಿ ಕ್ರ್ಯಾಂಕಿನದು. ಕ್ರ್ಯಾಂಕ್ ಅಂದ್ರ ಪೆಡಲ್ ಕೂಡೋ ಕೋಲು. ಕೆನಡಾದ ಫೋರ್‌ಐ ಅಂತ ಒಂದು ಕಂಪನಿ, ಆ ಕೋಲಿನ ಒಳಮಗ್ಗಲಿಗೆ ಬೆರಳಿನಷ್ಟು ಡಬ್ಬಿ ಅಂಟಿಸಿ ಕೊಡ್ತದ. ವಾಚಿನಂಥಾ ಗುಂಡು ಸೆಲ್ ಹಾಕಿದ್ರ ಮುಗೀತು. ಸ್ಟೇಜಸ್ ಅನ್ನೋದೂ ಇಂಥಾದ್ದ. ನಮಗ ಒಂದು ಕಡೆ 26 ಸಾವಿರ ಹೇಳಿದ್ರು. ನಮ್ಮನಿಯವರಿಗೆ ಮನಸ್ಸಿಗೆ ಬಂತು. ದೊಡ್ಡ ಊರಿನ ಒಂದು ಅಂಗಡಿಗೆ ಫೋನ್ ಹಚ್ಚಿದ್ರು. ಸಣ್ಣಾಕಿ ಸೈಕಲ್ಲಿಗೆ ಇರೋದು 165 ಮಿಲಿಮೀಟರಿನ ಕ್ರ್ಯಾಂಕ್. ಅಂಗಡಿಯವ, "ನಮ್ಮ ಕಡೆ 172.5 ಅದ ಸರ್, ಅಷ್ಟರಾಗ ಏನೂ ಆಗಂಗಿಲ್ಲ, ತಗೊಂಡು ಬಿಡ್ರಿ" ಅಂದ. ಫೋನ್ ಸ್ಪೀಕರಿಗೆ ಇತ್ತು, ನಾ ಹಿಟ್ಟು ನಾದ್ಲಿಕತ್ತಿದ್ದೆ. ಎರಡು-ನಾಲ್ಕರ ಬಳಿ ಹಾಕೋ ಕೈಗೆ ಎರಡು-ಆರು ಕೊಟ್ಟು ಏನೂ ಆಗಂಗಿಲ್ಲ ಅಂದ್ರ ಬಳಿಗಾರನ್ನ ನಾವು ಬಿಡ್ತೀವೇನು? ಬಲಗಾಲಿಗೆ ಒಂದಳತಿ, ಮುರದು ಕೂಡಿದ ಎಡಗಾಲಿಗೆ ಇನ್ನೊಂದಳತಿ ಕೋಲು! ಅಲ್ಲಿಂದನ ಕೂಗಿ ಬ್ಯಾಡ ಅಂದೆ.

ಆವತ್ತು ರಾತ್ರಿ ಮಲಗಿದಾಗ ಇನ್ನೊಂದು ವಿಚಾರ ಬಂತು. ಎಡಗಡಿ ಕೋಲಿನ್ಯಾಗ ಅಷ್ಟ ಮೀಟರ್ ಇದ್ರ ಬಲಗಾಲಿನ ಲೆಕ್ಕ ಹ್ಯಾಂಗ? ಮುಂಜಾನೆ ಕೇಳಿದ್ರ ಸಣ್ಣಾಕಿ ಮಾರಿ ಆ ಕಡೆ ಮಾಡಿ, "ಎಡದ್ದನ್ನ ಎರಡರಿಂದ ಗುಣಿಸ್ತದ ಅವ್ವಾ" ಅಂದ್ಲು. ತಕ್ಕಡಿ ಒಂದ ಪರಡಿ ನೋಡಿ ವ್ಯಾಪಾರ ಮಾಡಿದಂಗಾತು. ಎರಡೂ ಕಾಲು ಸಮಾ ಇದ್ದವರಿಗೆ ನಡೀತದ, ಅದರಾಗ ತಪ್ಪಿಲ್ಲ. ತುಸು ಹೆಚ್ಚುಕಮ್ಮಿ ತೋರಿಸಿದ್ರೂ ದಿನಾ ಅಷ್ಟ ಹೆಚ್ಚುಕಮ್ಮಿ ಇದ್ರ ಸಾಕು. ನಾ ರೊಟ್ಟಿ ಹಿಟ್ಟಿಗೆ ನೀರು ಅಳೆಯೋ ಗ್ಲಾಸು ಪಾವಿಗೆ ತುಸು ಕಮ್ಮೀನ ಅದ, ಆದ್ರ ಹದಿನೈದು ವರ್ಷದಿಂದ ಅದ ಗ್ಲಾಸು, ರೊಟ್ಟಿ ಒಂದ ಥರಾ ಬರ್ತಾವ. ಆದ್ರ ನಮ್ಮಾಕಿ ಎಡಗಾಲು ದಿನಾ ಒಂದ ಥರಾ ಇರ್ತದೇನು? ಅದ ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಅದ.

ನಡುವಿನ ದಾರಿ ಒಂದಿತ್ತು. ಚೈನ್ ಚಕ್ರ ಕೂಡೋ ನಟ್ಟನಡುವಿನ ಜಾಗಾಕ್ಕ ಸ್ಪೈಡರ್ ಅಂತಾರ, ಅಲ್ಲೆ ಕೂಡಸೋ ಮೀಟರ್. ಚೀನಾದ ಮಜೀನ್, ಸಿಜಿಯಿ ಅನ್ನೋ ಕಂಪನಿಗಳು ಮಾಡಲಿಕ್ಕ ಹತ್ತಿದ ಮ್ಯಾಲ ಅವೂ ಸೋವಿ ಆಗ್ಯಾವ. ಎರಡೂ ಕಾಲಿನ ಜೋರು ಅಲ್ಲೆ ಬಂದು ಕೂಡ್ತದ, ಹಿಂಗಾಗಿ ಒಟ್ಟು ಲೆಕ್ಕ ಖರೇ ಇರ್ತದ. ನನ್ನ ಕೇಳಿದ್ರ ಕಾಲು ನೆಟ್ಟಗಿರೋ ಮಕ್ಕಳಿಗೆ ಇದ ಛಲೋ. ಆದ್ರ ಎಡ ಎಷ್ಟು ಬಲ ಎಷ್ಟು ಅಂತ ಅದು ತೋರಸೋದು ಅಂದಾಜು, ಖರೇ ಬ್ಯಾರೆ ಮಾಡಿ ಅಳೆದಿದ್ದಲ್ಲ. ಮನ್ಯಾಗ ನಿಂದರಿಸಿ ತುಳಿಯೋ ಟ್ರೇನರಿನ್ಯಾಗೂ ವ್ಯಾಟ್ ಬರ್ತದಂತ, ಆದ್ರ ಅದನ್ನ ರೋಡಿಗೆ ಒಯ್ಯಲಿಕ್ಕ ಬರಂಗಿಲ್ಲಲ್ಲ.

ಎರಡೂ ಕಾಲು ಬ್ಯಾರೆ ಬ್ಯಾರೆ ಅಳೀಬೇಕಂದ್ರ ಎರಡೂ ಪೆಡಲಿನ್ಯಾಗ ಮೀಟರ್ ಬೇಕು. ಇಟಲಿಯ ಫವೇರೋ ಕಂಪನಿದು ಅಸಿಯೋಮಾ ಡುಯೋ, 2017ರಾಗ ಬಂದಿದ್ದು. ಹೊಸಾವು ನಮ್ಮ ಕೈಗೆ ನಿಲುಕೂದಿಲ್ಲ. ಹುಡುಕಿ ಹುಡುಕಿ ಬೆಂಗಳೂರಾಗ ಒಬ್ಬರು ಮಾರಲಿಕ್ಕ ಇಟ್ಟಿದ್ದು ಸಿಕ್ತು, 38 ಸಾವಿರ. ಸಾಲದ್ದಕ್ಕ ನಮ್ಮವ್ವ ಕೊಟ್ಟ ಸಣ್ಣ ಝುಮಕಿ ಹೋದ್ವು. ಇದನ್ನ ವೈನಿಗೆ ಹೇಳಿರಲಿಲ್ಲ, ಈಗ ಓದ್ತಾರ.

ನಮ್ಮನಿಯವರು ರಾತ್ರಿ ಬಸ್ಸಿಗೆ ಹೋಗಿ ನೋಡಿ ತಂದ್ರು. ಹಳೇವು ತಗೊಳೋರು ಇದ್ರ ನೆನಪಿಡ್ರಿ, ಪೆಡಲ್ ಹಿಡಿದು ಅಲ್ಲಾಡಿಸಿ ಸಡಿಲ ಅದ ಏನು ನೋಡಬೇಕು, ಎರಡೂ ಕಡೀದು ಫೋನಿಗೆ ಕೂಡ್ತಾವೇನು ನೋಡಬೇಕು, ಚಾರ್ಜರ್ ವೈರ್ ಅವುಗಳದ್ದ ಬ್ಯಾರೆ ಇರ್ತದ, ಮೊಬೈಲಿಂದು ನಡೆಯಂಗಿಲ್ಲ, ಅದನ್ನ ಕೇಳಿ ಇಸಗೋಬೇಕು. ಬೂಟಿನ ತಳಕ್ಕ ಕೂಡೋ ಕ್ಲೀಟ್ ಲುಕ್ ಕಿಯೋ ಥರಾದ್ದು ಬೇಕು. ನಮ್ಮಾಕಿ ಬೂಟಿಗೆ ಮೂರು ಸ್ಕ್ರೂ ತೂತು ಇದ್ವು, ಹಿಂಗಾಗಿ ಬೂಟಿನ ಖರ್ಚು ಉಳೀತು. ಎಡಗಡಿ ಪೆಡಲ್ ಉಲ್ಟಾ ತಿರುವಿ ಬಿಗೀಬೇಕು ಅನ್ನೋದು ಮರತು ನಮ್ಮನಿಯವರು ಅರ್ಧಾ ತಾಸು ಬೆವರು ಹರಿಸಿದ್ರು.

ಖರೇ ಮೀಟರ್ ಹೌದೋ ಅಲ್ಲೋ ಹ್ಯಾಂಗ ತಿಳಿಯೋದು? ಇಲ್ಲೆ ನನ್ನ ಕೆಲಸಾ ಬಂತು. ಆ ಪೆಡಲಿನ ಆ್ಯಪಿನ್ಯಾಗ ಗೊತ್ತಿದ್ದ ತೂಕ ತೂಗು ಹಾಕಿ ಪರೀಕ್ಷಾ ಮಾಡೋ ಜಾಗಾ ಅದ. ಸಣ್ಣಾಕಿ ಜಿಮ್ಮಿನ ತೂಕ ತರ್ತೀನಿ ಅಂದ್ಲು. ಅವುಗಳ ಮ್ಯಾಲ ಬರದಿದ್ದನ್ನ ಯಾರು ನಂಬಬೇಕು? ಅಟ್ಟದ ಮ್ಯಾಲ ಮಾವನವರ ಕಿರಾಣಿ ಅಂಗಡಿ ಕಾಲದ 5 ಕಿಲೋದ ಎರಡು ತೂಕದ ಕಲ್ಲು ಇದ್ವು, ಸರಕಾರದ ಮುದ್ರಿ ಇದ್ದದ್ದು. ಒರಿಸಿ, ಮತ್ತ ಎದುರಿನ ಅಂಗಡಿ ಎಲೆಕ್ಟ್ರಿಕ್ ಕಾಟಾದ ಮ್ಯಾಲ ಇಟ್ಟು ನೋಡಿ, ಕೈಚೀಲದಾಗ ಹಾಕಿದೆ. ಚೀಲದ್ದೂ ತೂಕ ಹಿಡೀಬೇಕು, 120 ಗ್ರಾಮ್. ಹಿಂದಿನ ಬ್ರೇಕ್ ಒತ್ತಿ ಹಿಡಿದು, ಕ್ರ್ಯಾಂಕ್ ನೆಲಕ್ಕ ಅಡ್ಡ ಮಾಡಿ, ಚೀಲ ತೂಗು ಬಿಟ್ವಿ. ಕಂಪನಿಯವರು ನೂರಕ್ಕ ಒಂದರಷ್ಟು ತಪ್ಪು ಬರಬಹುದು ಅಂತಾರ, ಅಂದ್ರ ಹತ್ತು ಕಿಲೋಕ್ಕ ನೂರು ಗ್ರಾಮ್. ಎರಡೂ ಪೆಡಲ್ ಅದರ ಒಳಗ ಬಂದ್ವು. ಕಾಯಿಪಲ್ಯೆ ಮಾರೋರಿಗಿಂತಾ ಪಾಡು.

ಮರುದಿನ ನಸುಕಿನ್ಯಾಗ ಗಾಳಿ ಏಳೋದರ ಒಳಗ ಕೋಚ್ ಸರ್ ಇಪ್ಪತ್ತು ನಿಮಿಷದ ಪರೀಕ್ಷಾ ಇಟ್ರು. ಇಪ್ಪತ್ತು ನಿಮಿಷ ಜೀವ ಬಿಟ್ಟು ತುಳಿದು, ಬಂದ ಸರಾಸರಿಯೊಳಗ ನೂರಕ್ಕ ಐದು ಕಳದ್ರ ಒಂದು ತಾಸು ತಡಕೊಳ್ಳೋ ಶಕ್ತಿ ಅಂತ ಹಿಡೀತಾರ. 190 ಬಂತು, ಕಳದು 180. ಅಕಿ ತೂಕ 52 ಕಿಲೋ, ಕಿಲೋಕ್ಕ ಮೂರೂವರಿ ವ್ಯಾಟಿನ ಸನೇಕ. ಸರ್ ಖುಷಿ ಆದ್ರು.

ನಾ ಕೇಳಿದ್ದು ಬ್ಯಾರೆ. ಎಡ ಎಷ್ಟು, ಬಲ ಎಷ್ಟು?

44, 56.

ಎಲ್ಲಾರಿಗೂ 50-50 ಇರಂಗಿಲ್ಲಂತ, 48-52 ಇದ್ರ ಯಾರೂ ತಲಿ ಕೆಡಿಸಿಕೊಳ್ಳಂಗಿಲ್ಲ. ಆದ್ರ ಇದು ಹಂಗಲ್ಲ. ಮುಂದಿನ ಐತವಾರ ಮೂರು ತಾಸಿನ ಸವಾರಿಗೆ ಹೋಗಿ ಬಂದಾಗ ಮೊದಲನೇ ತಾಸಿಗೆ 45 ಇದ್ದದ್ದು ಕಡೇ ತಾಸಿಗೆ 41 ಆಗಿತ್ತು. ನಾ ಫೋನ್ ಅಕಿ ಮುಂದ ಹಿಡದೆ. "ನೋವು ಅದ ಏನು?" ಅಂದೆ. ಇಲ್ಲ ಅಂದ್ಲು. ಮತ್ತ ಕೇಳಿದೆ. ಅಡಗಿ ಮನಿ ಬಾಗಲಾಗ ನಿಂತು ಅತ್ಲು. ಎಂಟು ತಿಂಗಳಾಗಿತ್ತಂತ, ಎರಡನೇ ತಾಸಿಗೆ ಪ್ಲೇಟ್ ಹಾಕಿದ ಜಾಗಾ ಸಿಡೀತಿತ್ತಂತ. ಹೇಳಿದ್ರ ಅವ್ವ ಸೈಕಲ್ ಬಿಡಸ್ತಾಳ ಅಂತ ಹೇಳಿರಲಿಲ್ಲ. ಅಕಿ ಅಂದದ್ದು ಸುಳ್ಳಲ್ಲ, ಬಿಡಸ್ತಿದ್ದೆ.

ಸೋವೀದು ತಂದಿದ್ರ ಏನಾಗ್ತಿತ್ತು ಅಂತ ಒಂದಿನ ಕಟ್ಟಿ ಮ್ಯಾಲ ಕುಂತು ಲೆಕ್ಕ ಹಾಕಿದೆ. 180ರಾಗ ಎಡದ್ದು 44 ಪಾಲು ಅಂದ್ರ 79, ಎರಡರಿಂದ ಗುಣಿಸಿದ್ರ 158. ಈಕಿ ಆಟಕ್ಕ ಸಾಲಂಗಿಲ್ಲ ಅಂತ ನಾವ ಅಂದು ಬಿಡ್ತಿದ್ವಿ. ಮುಂದ ಎಡಗಾಲು ತುಸು ಗಟ್ಟಿ ಆಗಿ 48ಕ್ಕ ಬಂತು ಅನ್ರಿ, ಒಟ್ಟು ಅದ 180 ಇದ್ರೂ 173 ತೋರಸ್ತಿತ್ತು. ಹದಿನೈದು ವ್ಯಾಟ್ ಏರ್‍ಯಾಳ ಅಂತ ಪೇಢೆ ಹಂಚ್ತಿದ್ವಿ. ಎರಡೂ ಸುಳ್ಳು. ಮತ್ತ ನೋವಿನ ಮಾತು ಹೊರಗ ಬರತಿರಲೇ ಇಲ್ಲ.

ಮೂಳಿ ಡಾಕ್ಟರು ಫೋಟೋ ತಗಸಿದ್ರು, ಎಲುಬು ಛಲೋ ಕೂಡ್ಯದ, ಪ್ಲೇಟಿನ ಒಂದು ಸ್ಕ್ರೂ ಚುಚ್ತದ, ಈ ವರ್ಷ ಮುಗಿದ ಮ್ಯಾಲ ತಗೀಬಹುದು ಅಂದ್ರು. ಅಲ್ಲೀತನಾ ಎರಡು ತಾಸಿಗಿಂತಾ ಜಾಸ್ತಿ ಬ್ಯಾಡ ಅಂತ ಸರ್ ಹೇಳ್ಯಾರ. ಫಿಸಿಯೋ ಮೇಡಂ ಒಂದ ಕಾಲಿನ ಮ್ಯಾಲ ಕುಂತು ಏಳೋದು ಕೊಟ್ಟಾರ, ಹಾಲು ಕಾಯೋತನಾ ನನ್ನ ಕಣ್ಮುಂದ ಮಾಡ್ತಾಳ. ಈ ಸಲದ ಸೆಲೆಕ್ಷನ್ ಕೈ ತಪ್ತು, ಎಂಟು ಸೆಕೆಂಡಿನ್ಯಾಗ. ಆವತ್ತು ಊಟಾ ಮಾಡಲಿಲ್ಲ. ಆದ್ರ ಕಡೇ ಐದು ನಿಮಿಷ ಮೊದಲಿನ ಐದು ನಿಮಿಷಕ್ಕಿಂತಾ ಒಂದ ವ್ಯಾಟ್ ಕಮ್ಮಿ ಅಷ್ಟ, ಹಾರಿ ಸೋತಿಲ್ಲ ಅಂತ ಸರ್ ತೋರಿಸಿದ್ರು.

ವೈನಿ, ನಿಮ್ಮ ಮಗನಿಗೂ ಸೈಕಲ್ ಆಸೆ ಅದ ಅಂತ ಕೇಳೀನಿ. ಅವನ ಕಾಲು ಎರಡೂ ಗಟ್ಟಿ ಅವ, ಎಡಗಡಿದ್ದ ಸಾಕು, ಅಳತಿ ಮಾತ್ರ ಬಳಿ ಅಳತಿ ನೋಡಿದಂಗ ನೋಡ್ರಿ. ತೂಕದ ಕಲ್ಲು ಬೇಕಾದ್ರ ನಮ್ಮ ಕಡೆ ಅವ. ಅಡಗಿ ಮನ್ಯಾಗ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನ್ಯಾಗ ಈಗ ಇನ್ನೊಂದು ಲೆಕ್ಕಾನೂ ಬರೀತೀನಿ. ನಿನ್ನೆ ಹಾಲು ಎರಡು ಲೀಟರ್, ಎಡಗಾಲು 46.