ಕರ್ತೃಪದ

ಅಡುಗೆಮನೆಯಲ್ಲಿ ಲೋಟ ಕೈಜಾರಿದರೆ ನಾವು ‘ಲೋಟ ಒಡೆದುಹೋಯಿತು’ ಎನ್ನುತ್ತೇವೆ. ‘ನಾನು ಒಡೆದೆ’ ಎನ್ನುವವರು ಅಪರೂಪ. ಹಾಲು ತಾನೇ ಉಕ್ಕುತ್ತದೆ, ಸಾರು ತಾನೇ ಸೀದುಹೋಗುತ್ತದೆ, ಬಸ್ಸು ತಾನೇ ತಪ್ಪಿಹೋಗುತ್ತದೆ. ‘ಕರ್ತೃಪದ ಎಲ್ಲಿದೆ, ಹುಡುಕಿ’ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳುತ್ತಾ ಬಂದ ಕನ್ನಡ ಟೀಚರ್ ನಾನು. ನನ್ನದೇ ಒಂದು ವಾಕ್ಯದಲ್ಲಿ ಅದನ್ನು ಹುಡುಕಲು ನನಗೆ ಬಹಳ ಕಾಲ ಹಿಡಿಯಿತು.

1998ರ ಮಾತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಸಂಜೆ ಎಲ್ಲರೂ ಹೋಗುವವರೆಗೆ ಕಾದಿದ್ದು ನನ್ನ ಬಳಿ ಬಂದಳು. ಅವಳಿಗೆ ಹದಿನಾರು ತುಂಬಿರಲಿಲ್ಲ. ‘ಟೀಚರ್, ಮನೆಯಲ್ಲಿ ಮದುವೆ ಗೊತ್ತುಮಾಡಿದ್ದಾರೆ. ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ನೀವೊಮ್ಮೆ ಬಂದು ಅಪ್ಪನ ಹತ್ತಿರ ಮಾತಾಡಿ’ ಎಂದಳು. ಅವರದೂ ನಮ್ಮ ಸಭೆಯೇ. ಅವಳ ತಂದೆ ಭಾನುವಾರದ ಆರಾಧನೆಯಲ್ಲಿ ನಮ್ಮ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಮದುವೆಗೆ ಹುಡುಗಿಗೆ ಹದಿನೆಂಟು ತುಂಬಿರಬೇಕೆಂಬ ಕಾನೂನು 1978ರಲ್ಲೇ ಬಂದಿದ್ದುದು ನನಗೆ ಗೊತ್ತಿತ್ತು. ಆದರೂ ಇನ್ನೊಬ್ಬರ ಮನೆಯ ವಿಷಯ, ಯಾರು ಏನೆಂದಾರೋ ಎಂಬ ಅಂಜಿಕೆ. ‘ಪ್ರಾರ್ಥನೆ ಮಾಡುತ್ತೇನೆ, ದೇವರ ಚಿತ್ತದಂತೆ ಆಗಲಿ’ ಎಂದೆ. ಪ್ರಾರ್ಥನೆ ಮಾಡಿದ್ದು ನಿಜ. ಹೋಗಲಿಲ್ಲ. ಅವರ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ.

ಅವಳ ಓದು ನಿಂತುಹೋಯಿತು.

ಹನ್ನೆರಡು ವರ್ಷಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೈಹಿಡಿದು ಹತ್ತು ವರ್ಷದ ಮಗಳು. ‘ಎಲ್ಲಾ ದೇವರ ಚಿತ್ತ, ನೀವೇ ಹೇಳಿದ್ದಿರಲ್ಲ ಟೀಚರ್’ ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಆ ರಾತ್ರಿ ಸತ್ಯವೇದ ತೆರೆದು ಕುಳಿತೆ. ಏದೆನ್ ತೋಟದಲ್ಲಿ ಆದಾಮ ಹವ್ವಳತ್ತ ಕೈತೋರಿಸಿದ, ಅವಳನ್ನು ಕೊಟ್ಟ ದೇವರ ಮೇಲೂ ಹೊರಿಸಿದ. ಹವ್ವ ಸರ್ಪದತ್ತ ತೋರಿಸಿದಳು. ಆದರೆ ದೇವರು ಪ್ರಶ್ನೆ ಕೇಳಿದ್ದು ಅವರಿಬ್ಬರನ್ನೇ. ಸರ್ಪವನ್ನು ಏನೂ ಕೇಳಲಿಲ್ಲ. ಉತ್ತರ ಕೊಡಬಲ್ಲವರನ್ನು ತಾನೇ ಕೇಳುವುದು? ಪಿಲಾತ ಎಲ್ಲರೆದುರು ಕೈತೊಳೆದುಕೊಂಡ. ಆದರೂ ವಿಶ್ವಾಸಪ್ರಮಾಣ ಹೇಳುವಾಗೆಲ್ಲ ಅವನ ಹೆಸರು ಬಂದೇ ಬರುತ್ತದೆ. ಒಳ್ಳೆಯದು ಯಾವುದೆಂದು ತಿಳಿದೂ ಮಾಡದಿದ್ದರೆ ಅದೇ ಪಾಪವೆಂದು ಯಾಕೋಬನ ಪತ್ರಿಕೆ ತೀರ್ಪು ಕೊಡುತ್ತದೆ.

ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯ ಉಂಟೆಂದು ಎರಾಸ್ಮಸ್ 1524ರಲ್ಲಿ ಬರೆದರೆ, ಮಾರ್ಟಿನ್ ಲೂಥರ್ ಮರುವರ್ಷವೇ ಅದನ್ನು ಖಂಡಿಸಿ ಬರೆದ. ಆದರೆ ರಕ್ಷಣೆಯ ವಿಷಯದಲ್ಲಿ ನಮ್ಮ ಇಚ್ಛೆ ಬಂಧಿತ ಎಂದ ಆ ಲೂಥರ್ ಕೂಡ, ದಿನನಿತ್ಯದ ವ್ಯವಹಾರದಲ್ಲಿ ಆಯ್ಕೆ ನಮ್ಮದೆಂಬುದನ್ನು ಬಿಟ್ಟುಕೊಟ್ಟ. ಪಂಡಿತರ ವಾದ ಏನೇ ಇರಲಿ, ಆ ಸಂಜೆಯ ಹತ್ತು ನಿಮಿಷದ ದಾರಿ ನನ್ನ ಕಾಲಿಗೆ ಬಿಟ್ಟದ್ದಾಗಿತ್ತು. ನಾನು ಹೋಗಿದ್ದರೆ ಅವಳ ತಂದೆ ಒಪ್ಪುತ್ತಿದ್ದರೋ ಇಲ್ಲವೋ, ಅದು ಅವರ ಲೆಕ್ಕ. ಹೋಗದಿದ್ದುದು ನನ್ನ ಲೆಕ್ಕ. ನಾವು ದೇವರನ್ನು ‘ಕರ್ತನೇ’ ಎಂದು ಕರೆಯುತ್ತೇವೆ. ನಮ್ಮ ಹೇಡಿತನದ ವಾಕ್ಯಕ್ಕೂ ಆತನನ್ನೇ ಕರ್ತೃವಾಗಿ ಕೂರಿಸುವುದು ಭಕ್ತಿಯಲ್ಲ.

ಮರುವಾರ ಅವಳ ಮನೆ ಹುಡುಕಿಕೊಂಡು ಹೋದೆ. ‘ನಿನ್ನ ಓದು ನಿಂತುಹೋಗಲಿಲ್ಲಮ್ಮ. ನಿಲ್ಲಿಸಿದವರಲ್ಲಿ ನಾನೂ ಒಬ್ಬಳು’ ಎಂದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಕಾಫಿ ತಂದಿಟ್ಟು, ‘ಇವಳ ವಿಷಯ ಬಂದಾಗ ಕರೆದರೆ ಬರುತ್ತೀರಾ?’ ಎಂದಳು.

2017ರಲ್ಲಿ ಕರೆದಳು. ಆ ಮನೆಯಲ್ಲೂ ಗಂಡು ನೋಡಲು ಶುರುವಾಗಿತ್ತು. ಪ್ರಾರ್ಥನೆ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.