ಫ್ಯಾನಿನವರಲ್ಲ, ಹೂವಿನವರು

ಫೆಬ್ರವರಿ ಮುಗಿಯುವ ಹೊತ್ತಿಗೆ ಬೆಂಗಳೂರಿನ ನೆಂಟರಿಷ್ಟರ ವಾಟ್ಸಾಪ್ ಸ್ಟೇಟಸ್ಸುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಟಬೂಬಿಯಾ ಮರದ ಕೆಳಗೆ ನಿಂತವರು ಕೆಲವರು, ಕಾರಿನ ಮೇಲೆ ಬಿದ್ದ ಹೂವನ್ನೇ ಹಿಡಿದವರು ಕೆಲವರು. ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿ ಶುರು ಮಾಡಬೇಕು ಎಂದು ಲೆಕ್ಕ ಹಾಕಿ ಆ ಊರಿನ ರಸ್ತೆಗಳಿಗೆ ಮರ ನೆಡಿಸಿದವರು ಜರ್ಮನಿಯಿಂದ ಬಂದ ಕೃಂಬಿಗಲ್. ನೆಂಟರು ಅದೇ ರೂಢಿಯಲ್ಲಿ ನನ್ನನ್ನೂ ಕೇಳುತ್ತಾರೆ: ‘ನಿಮ್ಮ ಸಿರಿಗೆರೆ ಕಡೆ ಹೂವಿನ ಸ್ಪಾಟ್ ಯಾವುದಿದೆ?’

ನಮ್ಮ ಕಡೆ ಯಾರೂ ಲೆಕ್ಕ ಹಾಕಿ ನೆಟ್ಟಿಲ್ಲ. ಹಾಗಾಗಿ ಸ್ಪಾಟ್ ಹೇಳುವುದು ಕಷ್ಟ, ತಿಥಿ ಹೇಳಬಹುದು. ಮಾಘದಲ್ಲಿ ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಉತ್ಸವ ಆ ವರ್ಷ ಯಾವ ಊರಲ್ಲಿ ನಡೆದಿರುತ್ತದೋ ಅಲ್ಲಿ ಪೆಂಡಾಲಿನ ಕಂಬ ಕೀಳುವ ವೇಳೆಗೆ ಮುತ್ತುಗ ಕೆಂಪಾಗತೊಡಗುತ್ತದೆ. ಊಟದ ಎಲೆಗೆ ಬಿಟ್ಟರೆ ಉಳಿದ ದಿನ ಯಾರೂ ತಿರುಗಿ ನೋಡದ ಸೊಟ್ಟ ಮರ ಅದು. ಎಲೆಯೆಲ್ಲ ಉದುರಿಸಿಕೊಂಡು ಕಪ್ಪು ಮೊಗ್ಗು ಹೊತ್ತು ನಿಂತಾಗಲೂ ಒಣಗಿಹೋಯಿತೇನೋ ಅನ್ನಿಸುತ್ತದೆ. ಆಮೇಲೆ ಒಂದು ವಾರ ಆ ಕಡೆ ಹೋಗದಿದ್ದರೆ ಮುಗಿಯಿತು, ಮೈನಾಗಳೂ ಸೂರಕ್ಕಿಗಳೂ ನಮಗಿಂತ ಮೊದಲೇ ಮಕರಂದಕ್ಕೆ ಬಂದು ಜಗಳ ಆಡಿ ಮುಗಿಸಿರುತ್ತವೆ. ಬೆಳಿಗ್ಗೆ ಎಂಟರೊಳಗೆ ಚಿತ್ರ ತೆಗೆಯಬೇಕು. ಒಂಬತ್ತಾದರೆ ಚಿತ್ರದುರ್ಗದ ಆಕಾಶ ಬೆಳ್ಳಗಾಗುತ್ತದೆ, ಬಿಳಿ ಆಕಾಶದ ಮುಂದೆ ಮುತ್ತುಗದ ಕೆಂಪೂ ಮಂಕು.

ಯುಗಾದಿಯ ಹೊತ್ತಿಗೆ ಹೊಂಗೆಯ ಸರದಿ. ಹೊಂಗೆಯನ್ನು ಮೇಲೆ ನೋಡಿ ಫೋಟೋ ತೆಗೆಯುವವರು ಹೊಸಬರು. ಅದರ ಚೆಲುವಿರುವುದು ಬುಡದಲ್ಲಿ, ಯಾರೋ ಮಂಡಕ್ಕಿ ಚೀಲ ಒಡೆದು ಸುರಿದ ಹಾಗೆ. ಬೇವಿನ ಹೂವಂತೂ ಬೆಲ್ಲದ ಜೊತೆ ಬಾಯಿಗೇ ಹೋಗುತ್ತದೆ, ಕ್ಯಾಮೆರಾಕ್ಕೆ ಸಿಗುವುದು ಕಡಿಮೆ. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಹೊಂಬಾಳೆ ಒಡೆದಾಗ ಬರುವ ಕಂಪನ್ನು ಹಿಡಿಯುವ ಲೆನ್ಸ್ ಇನ್ನೂ ಬಂದಿಲ್ಲ. ಬಂದರೂ ನನ್ನ ಕೈಗೆಟುಕುವ ಬೆಲೆಗೆ ಬರಲಾರದು.

ಬಂಡೆಯ ಮೇಲಿನ ಹೂವೇ ಬೇಕೆನ್ನುವವರು ಚಿತ್ರದುರ್ಗ ದಾಟಿ ಜೋಗಿಮಟ್ಟಿಗೆ ಹೋಗಬೇಕು. 3,803 ಅಡಿ ಎತ್ತರದ ಈ ಗುಡ್ಡಸಾಲು 2015ರಿಂದ ವನ್ಯಜೀವಿಧಾಮ. ಬೇಸಿಗೆಯಲ್ಲಿ ಎಲೆಯಿಲ್ಲದ ಬೋಳು ಕೊಂಬೆಯ ತುದಿಗೆ ಅಂಗೈಯಗಲದ ಹಳದಿ ಹೂ ಇಟ್ಟುಕೊಂಡು ನಿಲ್ಲುವ ಅರಿಶಿನ ಬೂರುಗಕ್ಕೆ ಇಂಥ ಒಣ ಕಲ್ಲುಗುಡ್ಡವೇ ಪ್ರೀತಿ. ಕರಡಿಗೂ ಪ್ರೀತಿಯ ಜಾಗ ಇದೇ. ಗೇಟಿನಲ್ಲಿ ಅರಣ್ಯ ಇಲಾಖೆಯವರು ಏನು ಹೇಳುತ್ತಾರೋ ಅದನ್ನು ಕೇಳುವುದು ಕ್ಷೇಮ. ಹೂವಿಗೆ ಫೋಕಸ್ ಮಾಡುತ್ತ ಹಿಂದೆ ಹಿಂದೆ ಹೆಜ್ಜೆ ಇಡುವ ಚಟವಿರುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಇಷ್ಟೂ ಮರದ ಹೂವಿನ ಮಾತಾಯಿತು. ನೆಲದ ಹೂವಿಗೆ ಚೈತ್ರ ಗೊತ್ತಿಲ್ಲ, ಮಳೆ ಗೊತ್ತು. ನಮ್ಮ ಜಿಲ್ಲೆಗೆ ಮಳೆ ಜೋರಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಗೋಮಾಳದ ಕಲ್ಲುನೆಲದಲ್ಲಿ ವಿಷ್ಣುಕ್ರಾಂತಿ, ಬದುವಿನಲ್ಲಿ ತುಂಬೆ, ಹೊಲದ ಅಂಚಿಗೆ ಅಣ್ಣೆಸೊಪ್ಪಿನ ಗುಲಾಬಿ ತೆನೆ. ಮಳೆಗಾಲ ಹಿಡಿದಾಗಿನಿಂದ ಗಾಳಿಯ ಕಾಟವೂ ಇರುತ್ತದೆ. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ (ಊರವರ ಬಾಯಲ್ಲಿ ‘ಫ್ಯಾನ್’) ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲವಲ್ಲ. ಕಡ್ಡಿಯಂಥ ದಂಟಿನ ಮೇಲಿನ ಹೂ ಒಂದು ಕ್ಷಣ ಅಲುಗದಿರಲಿ ಎಂದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಕಾಯಬೇಕು. ಮಧ್ಯಾಹ್ನಕ್ಕೆ ವಿಷ್ಣುಕ್ರಾಂತಿ ಮುದುರಿಕೊಳ್ಳುತ್ತದೆ.

ಹಾಗೆ ಮಲಗಿದವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಗೋಮಾಳದಲ್ಲಿ ಟ್ರೈಪಾಡ್ ಊರಿದರೆ ಮೊದಲ ಪ್ರಶ್ನೆ, ‘ಫ್ಯಾನ್ ಕಂಪ್ನಿಯೋರಾ ಸ್ವಾಮಿ?’ ಎರಡನೆಯದು, ‘ಭದ್ರಾ ಕಾಲುವೆ ಸರ್ವೆನಾ?’ ಎರಡೂ ಅಲ್ಲ, ಹೂವಿನ ಫೋಟೋ ಅಂದರೆ ನಂಬಿಕೆ ಇನ್ನಷ್ಟು ಕಡಿಮೆಯಾಗುತ್ತದೆ. ಕುರಿ ಕಾಯುವ ಹಿರಿಯರೊಬ್ಬರು ಮಾತ್ರ ನಂಬಿದರು. ಕೋಲು ಊರಿ ನಿಂತು ಸ್ವಲ್ಪ ಹೊತ್ತು ನೋಡಿ, ‘ಇದ್ರಾಗೇನೈತಪ್ಪ? ಗೌರಿ ಹೂ ನೋಡೀಯ?’ ಅಂದರು. ಕಳ್ಳಿಬೇಲಿಯೊಳಗಿನಿಂದ ಬೆಂಕಿಯ ನಾಲಗೆ ಚಾಚಿಕೊಂಡು ಬಳ್ಳಿ ಹಬ್ಬಿತ್ತು. ಅಲ್ಲೇ ಏಕೆ ಇದೆ ಎಂದು ಕೇಳಿದೆ.

‘ಅದು ವಿಷ ಕಣಪ್ಪ, ಕುರಿ ಬಾಯಿ ಹಾಕಲ್ಲ. ಕುರಿ ಬಿಟ್ಟಿದ್ದು ಹೂ ಬಿಡ್ತದೆ.’

ಸಿರಿಗೆರೆ ಸುತ್ತ ಹೂ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆಯನ್ನು ನಾನು ಕಂಡಿಲ್ಲ. ತಂಗಡಿ ದಾರಿಯುದ್ದಕ್ಕೂ ಹಳದಿಯಾಗಿ ನಿಲ್ಲುವುದೂ, ಎಕ್ಕ, ದತ್ತೂರಿ ಊರಬಾಗಿಲಲ್ಲೇ ಬೆಳೆದು ಹೂವಾಗುವುದೂ ಈ ಲೆಕ್ಕಕ್ಕೇ. ಕುರಿ ತಿನ್ನುವಂಥದ್ದರ ಹೂ ಬೇಕಾದರೆ ಕುರಿ ಹೋಗದ ಜಾಗ ಹುಡುಕಬೇಕು: ಸ್ಮಶಾನದ ಬೇಲಿಯೊಳಗೆ, ದೇವರ ಹೆಸರಿಗೆ ಬಿಟ್ಟ ಗುಡ್ಡದ ತುಂಡಿನಲ್ಲಿ, ಕೆರೆ ಏರಿಯ ಮುಳ್ಳಿನ ನಡುವೆ. ಗೂಗಲ್ ಮ್ಯಾಪಿಗೆ ಈ ವಿಚಾರ ತಿಳಿಯುವ ಲಕ್ಷಣ ಸದ್ಯಕ್ಕಿಲ್ಲ.

ಜಾಗಗಳೂ ಬದಲಾಗುತ್ತಿವೆ. ಭರಮಸಾಗರದ ಕೆರೆಗೆ ಏತದಲ್ಲಿ ತುಂಗಭದ್ರೆಯ ನೀರು ಬಂದ ಮೇಲೆ ಬೀಳುಬಿಟ್ಟ ನೆಲಗಳು ತೋಟವಾಗುತ್ತಿವೆ. ಮುತ್ತುಗ ಇದ್ದ ಬದುವಿನಲ್ಲಿ ಅಡಿಕೆ ಸಸಿ ಎದ್ದರೆ ನನಗೆ ಬೇಸರವಾಗುತ್ತದೆ, ನಿಜ. ಬತ್ತಿದ ಬೋರಿನ ಪಕ್ಕ ಕೂತು ಟ್ಯಾಂಕರ್ ಕಾದವರ ಎದುರಿಗೆ ಆ ಬೇಸರ ಹೇಳಿಕೊಳ್ಳುವಷ್ಟು ಧೈರ್ಯ ಇಲ್ಲ.

ಇನ್ನು ಹೊಲದ ಹೂವು. ಹೊಸದುರ್ಗ, ಹೊಳಲ್ಕೆರೆ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾದಾಗ ರಸ್ತೆಯಲ್ಲಿ ಹೋಗುವವರೆಲ್ಲ ಬ್ರೇಕ್ ಹಾಕುತ್ತಾರೆ. ಗುಂಡ್ಲುಪೇಟೆಯಲ್ಲಿ ಸೂರ್ಯಕಾಂತಿ ಹೊಲಕ್ಕೆ ಇಳಿದು ಸೆಲ್ಫಿ ತೆಗೆದುಕೊಳ್ಳುವವರಿಂದ ರೈತರು ದುಡ್ಡು ಪಡೆಯುತ್ತಾರೆಂದು ಕೆಲವರು ಆಡಿಕೊಳ್ಳುತ್ತಾರೆ. ಪಡೆಯಲಿ ಬಿಡಿ, ತುಳಿದ ಗಿಡ ಅವರದು. ನಮ್ಮ ಕಡೆ ಇನ್ನೂ ಯಾರೂ ದುಡ್ಡು ಕೇಳಿಲ್ಲ. ಒಬ್ಬ ಅಜ್ಜಿ ಮಾತ್ರ, ಕಳೆ ಕೀಳುತ್ತಿದ್ದವರು, ನಾನು ಹೂವಿಗೆ ಮುಖ ಹಚ್ಚಿದ್ದು ನೋಡಿ ಕೂಗಿದರು: ‘ಏ ಮಗಾ, ಜೇನು ಎಬ್ಬಿಸ್ಬ್ಯಾಡ. ಅವು ಬಂದ್ರೇ ಕಾಳು ಕಟ್ಟೋದು.’

ಅಜ್ಜಿ ಹೇಳಿದ್ದು ಸರಿ. ಹುಚ್ಚೆಳ್ಳು ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟುವ ಗಿಡವಲ್ಲ, ಬೇರೆ ಗಿಡದ ಪರಾಗವನ್ನು ಜೇನೇ ಹೊತ್ತು ತರಬೇಕು. ಆ ಹೊಲಗಳಿಗೆ ಈಗ ಉದ್ದನೆಯ ಲೆನ್ಸ್ ಒಯ್ಯುತ್ತೇನೆ. ಬದು ಇಳಿಯದೆಯೇ ಹೂವೂ ಸಿಗುತ್ತದೆ, ಅದರ ಮೇಲೆ ಕೂತ ಜೇನೂ ಸಿಗುತ್ತದೆ.