ಎರಡು ತಿಂಗಳ ತೌರು

ಡೊಂಬಿವಲಿಯ ನಮ್ಮ ಕಟ್ಟಡದ ಗಟಾರದ ಬಳಿ ಕಳೆದ ಮಳೆಗಾಲದಲ್ಲಿ ತಿಂಗಳ ಪ್ರಾಯದ ಹೆಣ್ಣು ನಾಯಿಮರಿಯೊಂದು ನಡುಗುತ್ತಿತ್ತು. ‘ಗಂಡಾಗಿದ್ದರೆ ಸಾಕಬಹುದಿತ್ತು’ ಎಂದು ನೆರೆಯವರು ಬಾಗಿಲು ಮುಚ್ಚಿಕೊಂಡರು. ನಾವು ಒಳಗೆ ತಂದೆವು. ಹಸುವಿನ ಹಾಲು ಬೇಡ, ಭೇದಿಯಾದೀತು. ಮೆತ್ತಗಿನ ಅನ್ನ, ಮೊಟ್ಟೆ ಕೊಡಿ ಎಂದರು ಪಶುವೈದ್ಯರು. 6 ವಾರಕ್ಕೆ ಪಾರ್ವೋ ಲಸಿಕೆ, 3 ತಿಂಗಳಿಗೆ ರೇಬೀಸ್ ಚುಚ್ಚುಮದ್ದು ಆಯಿತು.

ಕೇಳಿಕೊಂಡು ಬಂದ ಮೊದಲ ಮಹನೀಯರಿಗೆ ಬೇಕಿದ್ದುದು ಗೋದಾಮಿನಲ್ಲಿ ಕಟ್ಟಿಹಾಕುವ ಕಾವಲುನಾಯಿ. ಕೊಡಲಿಲ್ಲ. ಆಮೇಲೆ ಬಂದವರು ಠಾಣೆಯ ನಿವೃತ್ತ ದಂಪತಿಗಳು. ಅವರ ಮನೆ ನೋಡಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮಾತು ಪಡೆದು, ಹೆಣ್ಣೊಪ್ಪಿಸಿದವರಂತೆ ಕಣ್ಣೊರೆಸಿಕೊಳ್ಳುತ್ತ ಲೋಕಲ್ ಹತ್ತಿದೆವು.

ಇಟ್ಟುಕೊಂಡರೆ ಒಂದೇ ಮರಿಗೆ ಮನೆ. ಕೊಟ್ಟರೆ ಇನ್ನೊಂದಕ್ಕೂ ಜಾಗ. ಬಳಗದ ಬಂಧುಗಳೇ, ಎರಡು ತಿಂಗಳ ತೌರಾಗಲು ದೊಡ್ಡ ಬಂಗಲೆ ಬೇಕಿಲ್ಲ.